ವಾಪಸ್ ಬಂದ ಪ್ರಸಾದ

ಅವರೆಕಾಳು ಹಿತುಕುತ್ತಾ ಕೂತಿದ್ದೆ. ಫೋನ್ ಬಂತು. ಕೈ ಒದ್ದೆ, ಕಿರುಬೆರಳಲ್ಲಿ ಸ್ಪೀಕರ್ ಒತ್ತಿದೆ.

"ಈ ಸೋಮವಾರದ ಭಜನೆ ಗಿರಿಜಾ ಮನೇಲಿ ಬೇಡ ಕಣ್ರೀ. ನಮ್ಮನೇಲೇ ಇಟ್ಕೊಳ್ಳೋಣ."

ಶೈಲಜಾ. ನಮ್ಮ ರಸ್ತೆಯ ಭಜನೆ ಗುಂಪಿನ ಲೀಡರ್ರು. ಸೋಮವಾರಕ್ಕೆ ಒಂದೊಂದು ಮನೆಯ ಸರದಿ. ಈ ಸಲ ಎದುರುಮನೆ ಗಿರಿಜಾಳದು.

"ಯಾಕೆ, ಹುಷಾರಿಲ್ವಾ ಅವಳಿಗೆ?"

"ಅವಳಿಗೇನು, ಗುಂಡುಕಲ್ಲಿನ ಹಾಗಿದಾಳೆ. ಅವಳ ಗಂಡ ದೇಶಕ್ಕೆ ಕೆಲಸ ಮಾಡಲ್ಲ ಅಂದನಂತೆ. ದ್ರೋಹಿ ಮನೇಲಿ ಹಾಡೋದಾ?"

ಗಿರಿಜಾಳ ಗಂಡ ಶಿವಣ್ಣ, ಲಗ್ಗೆರೆ ಕಡೆ ವರ್ಕ್‌ಶಾಪಿನಲ್ಲಿ ಲೇಥ್ ಆಪರೇಟರ್. ಇಷ್ಟು ವರ್ಷ ನೀರಿನ ಪಂಪಿನ ಪಾರ್ಟ್ ಮಾಡ್ತಿದ್ದ. ಯುದ್ಧ ಶುರುವಾಯ್ತು, ಓನರ್ ಫಿರಂಗಿ ಶೆಲ್ಲಿನ ಆರ್ಡರ್ ಹಿಡಿದರು. ಶಿವಣ್ಣ ಒಲ್ಲೆ ಅಂದ. "ಬೆಳಿಗ್ಗೆ ಇದೇ ಅಂಗೈಲಿ ಲಿಂಗ ಇಟ್ಕೊಂಡು ಪೂಜೆ ಮಾಡ್ತೀನಿ ಸಾರ್. ಬೇರೆ ಏನಾದ್ರೂ ಕೊಡಿ, ಮೂರು ಶಿಫ್ಟ್ ಬೇಕಾದ್ರೂ ಮಾಡ್ತೀನಿ."

"ಹಾಗಾದ್ರೆ ನಾಳೆಯಿಂದ ಲಿಂಗ ಇಟ್ಕೊಂಡು ಮನೇಲೇ ಕೂತ್ಕೊಳಪ್ಪ," ಅಂದರಂತೆ ಓನರ್.

ಕೆಲಸ ಹೋಯ್ತು. ಹಿಂದೆಯೇ ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ಅವನ ಫೋಟೋ, ಕೆಳಗೆ ಬೈಗುಳ. ಯಾರೂ ಕಲ್ಲು ಹೊಡೆದಿಲ್ಲ. ಶಿವನ ದಯೆ, ಅಷ್ಟಾದರೂ ಇದೆ.

ನನಗೂ ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ನನ್ನ ತಮ್ಮನ ಮಗ ಗಡಿಯಲ್ಲಿದ್ದಾನೆ. ಶಿವಣ್ಣ ಎದುರು ಸಿಕ್ಕಾಗ ನೇರವಾಗಿ ಕೇಳಿಯೇಬಿಟ್ಟೆ: "ಎಲ್ಲರೂ ನಿನ್ನ ಹಾಗೇ ಅಂದ್ರೆ ನಮ್ಮ ಹುಡುಗನ ಗತಿ ಏನಪ್ಪಾ?"

ಅವನು ತಲೆ ತಗ್ಗಿಸಿದ. "ಆ ಕೆಲಸ ನನ್ನ ಕೈಲಿ ಆಗಲ್ಲ ಅಕ್ಕ, ಅಷ್ಟೇ. ಪೂಜೇಲಿ ಅವನ ಹೆಸರೂ ಹೇಳ್ತೀನಿ."

ನಾನು ಒಪ್ಪಲಿಲ್ಲ. ಆದರೆ ಬೈಯೋಕೆ ಬಾಯಿಯೂ ಬರಲಿಲ್ಲ. ನಮ್ಮ ಹುಡುಗನಿಗಾಗಿ ಈ ರಸ್ತೆಯಲ್ಲಿ ಇನ್ಯಾರು ಪೂಜೆ ಮಾಡ್ತಿದ್ದಾರೆ? (ಶೈಲಜಾ? ಬಿಸಿಲಲ್ಲಿ ಮಗ ಕಪ್ಪಾಗ್ತಾನೆ ಅಂತ ಎನ್‌ಸಿಸಿ ಬಿಡಿಸಿದ ತಾಯಿ ಆಕೆ.)

ಸೋಮವಾರ ಗಿರಿಜಾ ಜಮಖಾನ ಹಾಸಿ ಕಾದಳು. ದೊಡ್ಡ ಪಾತ್ರೆ ತುಂಬ ಗೋಧಿ ಹುಗ್ಗಿ. ಹೋಗಿದ್ದು ನಾನೊಬ್ಬಳೇ. ಇಬ್ಬರೇ ಹಾಡಿದೆವು. ನಾಲ್ಕು ಮನೆ ಆಚೆಯಿಂದ ಶೈಲಜಾರ ಮೈಕಿನ ದನಿ ಕೇಳ್ತಿತ್ತು. ದಯೆಯ ಮೇಲಿನ ವಚನ. ತಾಳ ಎಷ್ಟು ಜೋರು ಅಂತೀರಿ!

ಗಿರಿಜಾ ಅಳಲಿಲ್ಲ. ಹುಗ್ಗಿಯನ್ನು ಡಬ್ಬಿಗೆ ತುಂಬಿದಳು. "ಅವರು ಬರದಿದ್ರೆ ಹೋಗ್ಲಿ ಅಕ್ಕ, ಪ್ರಸಾದ ಆದ್ರೂ ಮುಟ್ಟಲಿ. ನೀವು ಕೊಟ್ರೆ ತಗೋತಾರೆ."

ತಗೊಂಡು ಹೋದೆ. ಶೈಲಜಾ ಗೇಟೇ ತೆಗೆಯಲಿಲ್ಲ. "ಅಯ್ಯೋ, ನಮ್ದೇ ಕೇಸರಿಬಾತ್ ಮಿಕ್ಕಿದೆ ರೀ. ಅದನ್ನ ವಾಪಸ್ ಕೊಟ್ಬಿಡಿ." ಹಿಂದೆ ನಿಂತಿದ್ದವರೆಲ್ಲ ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದರು. ಒಬ್ಬರಾದರೂ ಕೈ ಚಾಚಬೇಕಲ್ಲ?

ವಾಪಸ್ ಕೊಡಲು ಮನಸ್ಸು ಬರಲಿಲ್ಲ. ಮನೆಗೆ ತಂದು ನಾನೂ ನಮ್ಮ ಯಜಮಾನರೂ ಎರಡು ಹೊತ್ತು ಅದನ್ನೇ ತಿಂದೆವು. ಗಿರಿಜಾ ಕೇಳಿದರೆ ಎಲ್ಲರೂ ತಿಂದರು ಅಂತೀನಿ. ದೇವರು ಕ್ಷಮಿಸಲಿ.

ಈಗ ಡಬ್ಬಿ ತೊಳೆದಿಟ್ಟು ಮತ್ತೆ ಅವರೆಕಾಳಿನ ಮುಂದೆ ಕೂತಿದ್ದೇನೆ. ಹಿತುಕಿದ ಬೇಳೆಯನ್ನೇ ತುಂಬಿ ಕೊಡಬೇಕು.

ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ನಮ್ಮಮ್ಮಂದಿರು ಹೇಳಿಕೊಟ್ಟರು. ತುಂಬಿದ ಡಬ್ಬಿ ವಾಪಸ್ ಕಳಿಸಬಾರದು ಅಂತ ಹೇಳಿಕೊಡೋದು ಮರೆತರಾ?