ಪ್ಲೈವುಡ್‌ಗೆ ತಕ್ಕ ಉಳಿ

ನನ್ನ ಗಂಡ ಹೊನ್ನಾವರದ ಕಡೆ ಮರಗೆಲಸ ಮಾಡುತ್ತಿದ್ದ. ಎಂಬತ್ತರ ಸುಮಾರಿಗೆ ನಮ್ಮಲ್ಲಿ ಪ್ಲೈವುಡ್ ಬಂತು. ಅರ್ಧ ಇಂಚು ಎಂದು ಕೊಟ್ಟ ಹಲಗೆ ಅರ್ಧ ಇಂಚು ಇರುತ್ತಿರಲಿಲ್ಲ, ತುಸು ತೆಳ್ಳಗೆ. ಅರ್ಧ ಇಂಚಿನ ಉಳಿಯಲ್ಲಿ ಹಲಗೆಯ ಅಂಚು ಕೂರುವ ಕಚ್ಚು ತೋಡಿ ಕೂರಿಸಿದರೆ ಲಟಲಟ ಅಲ್ಲಾಡುತ್ತಿತ್ತು. ಅದಕ್ಕೇ ಅವನು ಒಂದು ಉಳಿಯ ಎರಡೂ ಬದಿ ಕಲ್ಲಿಗೆ ತಿಕ್ಕಿ, ಹಲಗೆಯ ದಪ್ಪದಷ್ಟೇ ಅಗಲ ಮಾಡಿಕೊಂಡ.

ಅವನು ಹಲಗೆ ಬಡಿದು ಕೂರಿಸುವಾಗ ಆಚೆ ತುದಿ ಹಿಡಿಯುವವಳು ನಾನು.

“ಬಿಗಿ ಹಿಡಿಯೇ, ಬಂಗಡೆ ಹಿಡದ ಹಾಂಗೆ ಹಿಡೀಬೇಡ” ಎನ್ನುತ್ತಿದ್ದ.

“ಕೈ ಮೇಲೆ ಕೊಡತಿ ಬಿದ್ರೆ ಅನ್ನ ನೀನೇ ಬೇಯ್ಸ್ಕೊ” ಎನ್ನುತ್ತಿದ್ದೆ.

ಹಲಗೆ ಕೂತ ಮೇಲೆ “ಆತಾ?” ಎಂದು ಕೇಳುತ್ತಿದ್ದ. ನಾನು ಅಲ್ಲಾಡಿಸಿ ನೋಡಿ “ಆತು” ಎನ್ನುತ್ತಿದ್ದೆ.

ಊರವರದೆಲ್ಲ ಮುಗಿಸಿ ಕೊನೆಗೆ ನಮ್ಮ ಮನೆಯ ಪಾತ್ರೆ ಕಪಾಟಿಗೆ ಕೈಹಾಕಿದ. ಒಂದು ಬದಿಯ ಕಚ್ಚು ತೋಡಿದ್ದ, ಅಷ್ಟರಲ್ಲಿ ಜ್ವರ ಬಂದು ಸತ್ತ. ಪಾತ್ರೆಗಳು ನೆಲದ ಮೇಲೇ ಉಳಿದವು. ಮುಗಿಸಿಕೊಡಲು ಕುಮಟೆಯಿಂದ ಒಬ್ಬ ಆಚಾರಿ ಬಂದ. ಗಂಡನ ಉಳಿ ನೋಡಿ, “ಇದೆಂತಾ ಉಳಿ ಅಕ್ಕಾ, ಯಾವ ಅಳತೆದೂ ಅಲ್ಲ” ಎಂದು ತನ್ನದನ್ನು ತೆಗೆದ. ಚಾ ಕೊಟ್ಟು ಕಳಿಸಿಬಿಟ್ಟೆ.

ಇನ್ನೊಂದು ಬದಿಯ ಕಚ್ಚನ್ನು ಅದೇ ಉಳಿಯಲ್ಲಿ ನಾನೇ ತೋಡಿದೆ. ತಳ ಏರುತಗ್ಗಾಯಿತು, ಅಗಲ ಮಾತ್ರ ಸರಿ ಬಂತು. ಆಚೆ ತುದಿ ಹಿಡಿಯಲು ಯಾರೂ ಇರಲಿಲ್ಲ. ರುಬ್ಬುವ ಕಲ್ಲು ಉರುಳಿಸಿ ತಂದು ಆನಿಸಿ ಬಡಿದೆ. ಹಲಗೆ ಬಿಗಿಯಾಗಿ ಕೂತಿತು. ಅಲ್ಲಾಡಿಸಿಯೂ ನೋಡಿದೆ. “ಆತಾ?” ಎಂದು ಕೇಳುವವರು ಇರಲಿಲ್ಲ. ಪಾತ್ರೆ ಜೋಡಿಸಿಟ್ಟು ಮೀನು ಒಣಗಿಸಲು ಹೋದೆ.