ಅಕ್ಕನ ದುಂಡು ಮುಖ

ಎಂಬತ್ತರ ದಶಕದ ಮೊದಲ ವರ್ಷಗಳು. ಮುಳಬಾಗಿಲಿನ ಹತ್ತಿರ ನಮ್ಮ ಊರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದರಲ್ಲಿ ನನ್ನ ಅಕ್ಕನನ್ನು ಮೀರಿಸುವವರಿರಲಿಲ್ಲ. ಅಂಥವಳು ಎಡಗೈ ಸೋಲುತ್ತದೆ ಎಂದು ಬದುವಿನ ಮೇಲೆ ಕೂತುಬಿಡತೊಡಗಿದಳು. ಮೈಗಳ್ಳಿ ಎಂದು ಅಮ್ಮ ಬೈದಳು. ಊರಿನ ಪಂಡಿತರು ಹೆಂಗಸರಿಗೆ ನೋಡುವಂತೆ ಎಡಗೈಯ ನಾಡಿಯನ್ನೇ ಹುಡುಕಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ಈ ಕೈಲಿ ನಾಡಿನೇ ಸಿಗ್ತಿಲ್ಲಮ್ಮ. ಬೆಂಗ್ಳೂರಿಗೆ ಕರ್ಕೊಂಡು ಹೋಗಿ."

ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ತೊಡೆಯ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಔಷಧ ಬಿಟ್ಟು, ಎಕ್ಸ್-ರೇ ಫಿಲ್ಮ್ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳ ಚೆನ್ನಾಗಿತ್ತು. ಎಡಗೈಗೆ ಹೋಗುವುದು ಮಾತ್ರ ಉರಿಯೂತದಿಂದ ಕಟ್ಟಿಕೊಂಡಿತ್ತು. ಅದಕ್ಕೆ ಮಾತ್ರೆ ಬರೆದುಕೊಟ್ಟರು.

"ಮಾತ್ರೆ ಕೆಲಸ ಮಾಡ್ತಿದೆಯೋ, ರೋಗ ಬೇರೆ ನಾಳಕ್ಕೆ ಹಬ್ಬಿದೆಯೋ ಅಂತ ಯುಗಾದಿ ಆದ್ಮೇಲೆ ಇನ್ನೊಂದು ಫಿಲ್ಮ್ ತೆಗೆದು ನೋಡ್ಬೇಕು. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ."

ಮಾತ್ರೆ ನುಂಗುತ್ತಾ ನುಂಗುತ್ತಾ ಅಕ್ಕನ ಮುಖ ದುಂಡಗಾಯಿತು. ನಮ್ಮ ಕಡೆ ಹುಡುಗಿಯ ಆರೋಗ್ಯ ಅಳೆಯುವುದೇ ಕೆನ್ನೆಯಲ್ಲಿ. "ಮೊಹಾನಿಕಿ ಕಳ ವಚ್ಚಿಂದಿ," ಮುಖಕ್ಕೆ ಕಳೆ ಬಂತು ಎಂದು ಬೀದಿಯ ಹೆಂಗಸರು ತೆಲುಗಿನಲ್ಲಿ ಹೊಗಳಿದ್ದೇ ಹೊಗಳಿದ್ದು. ಅಮ್ಮ ದೃಷ್ಟಿ ತೆಗೆದಳು. ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಬಂದು ಒಪ್ಪಿಕೊಂಡು ಹೋದರು. ಅಮ್ಮ ಖುಷಿಯಲ್ಲಿ, ರೋಗ ಹೋದಮೇಲೆ ಮಾತ್ರೆ ಯಾಕೆಂದು ನಿಲ್ಲಿಸಿಯೇಬಿಟ್ಟಳು.

ಯುಗಾದಿ ಕಳೆಯಿತು. ಅಕ್ಕನಿಗೆ ಒಳಗೊಳಗೇ ಭಯ.

"ಒಂದ್ಸಲ ಹೋಗಿ ಫಿಲ್ಮ್ ತೆಗೆಸ್ಕೊಂಡು ಬಂದ್ಬಿಡ್ತೀನಿ ಕಣಮ್ಮ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮುಖ ನೋಡಿದ್ರೆ ಗೊತ್ತಾಗಲ್ವಾ? ಮದ್ವೆ ಹೊತ್ನಲ್ಲಿ ಆಸ್ಪತ್ರೆಗೆ ಅಲೆದ್ರೆ ಅವ್ರು ಏನಂದ್ಕೋತಾರೆ?"

"ನಿನ್ನ ಕಣ್ಣೇನು ಎಕ್ಸ್-ರೇ ಮಿಷಿನ್ನಾ?" ಎಂದು ನಾನು ಸಿಡುಕಿದೆ.

"ಬಾಯ್ಮುಚ್ಚೇ," ಎಂದಳು ಅಮ್ಮ.

ಲಗ್ನಪತ್ರಿಕೆ ಹಂಚುತ್ತಿದ್ದ ವಾರ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅಕ್ಕ ಅಲ್ಲೇ ಕುಸಿದಳು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತುಹೋಯಿತು. ಎರಡನೆಯ ಫಿಲ್ಮ್ ತೆಗೆದದ್ದು ಆಗ, ಅದೇ ದೊಡ್ಡಾಸ್ಪತ್ರೆಯಲ್ಲಿ. ಡಾಕ್ಟರು ಅಕ್ಕನ ಮಂಚದ ಪಕ್ಕದಲ್ಲೇ ಎರಡನ್ನೂ ಜೋಡಿಸಿ ಹಿಡಿದರು. ಮೊದಲನೆಯದರಲ್ಲಿ ಚೆನ್ನಾಗಿದ್ದ ಕುತ್ತಿಗೆಯ ನಾಳ ಈಗ ದಾರದೆಳೆಯಷ್ಟಾಗಿತ್ತು. ಓದು ಬರಹ ಇಲ್ಲದ ಅಮ್ಮನಿಗೂ ಅದು ಕಾಣಿಸಿತು.

"ಮುಖ ತುಂಬ್ಕೊಂಡಿತ್ತಲ್ಲ ಸ್ವಾಮಿ, ವಾಸಿಯಾಯ್ತು ಅಂದ್ಕೊಂಡ್ವಿ."

"ಅದು ಮಾತ್ರೆಯಿಂದ ಬಂದ ಊತ ಅಮ್ಮ. ಮಾತ್ರೆ ನಿಲ್ಲಿಸಿದ್ದು ಯಾರು?"

ಅಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಆ ಸೋತ ಎಡಗೈಯನ್ನು ಕಷ್ಟಪಟ್ಟು ಎತ್ತಿ, ನಾನೇ ಎಂಬಂತೆ ತನ್ನೆದೆ ಮುಟ್ಟಿ ತೋರಿಸಿದಳು.

ಮಾರನೆಯ ದಿನ ಹೋಗಿಬಿಟ್ಟಳು. ಅಮ್ಮನ ಮೇಲಿನ ನನ್ನ ಸಿಟ್ಟು ಈಗಲೂ ಇಳಿದಿಲ್ಲ. ಅದನ್ನು ಬಾಯಿಬಿಟ್ಟು ಆಡುವ ದಾರಿಯನ್ನು ಮಾತ್ರ ಅಕ್ಕ ನನಗೆ ಉಳಿಸಿ ಹೋಗಲಿಲ್ಲ.