ಶಾಲೆಯ ವಯಸ್ಸು, ನಿಜವಾದ ವಯಸ್ಸು

ಎಡಗೈಯ ಅಂಗಿತೋಳನ್ನು ತಾತ ಮನೆಯಲ್ಲೇ ಮೊಣಕೈ ಮೇಲಿನವರೆಗೆ ಮಡಚಿಕೊಂಡು ಹೊರಡುತ್ತಿದ್ದರು. ಬಲತೋಳಿಗೆ ಮಣಿಕಟ್ಟಿನಲ್ಲಿ ಗುಂಡಿ ಹಾಕಿರುತ್ತಿತ್ತು. ಹಾಗೆ ಕಂಡರೆ ಅವರು ಬಿ.ಪಿ. ನೋಡಿಸಲು ಹೊರಟಿದ್ದಾರೆಂದು ವಠಾರಕ್ಕೆಲ್ಲ ತಿಳಿಯುತ್ತಿತ್ತು.

ಎಂಬತ್ತರ ದಶಕದ ರಾಜಾಜಿನಗರ. ಬಿನ್ನಿಪೇಟೆಯ ಗಿರಣಿ ಕೆಲಸದಿಂದ ನಿವೃತ್ತರಾದ ಅವರು ನಮ್ಮ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. "ಕಾಯಿಲೆ ಅಂತ ಮಲಗಿದ್ರೆ ನೋಡ್ಕೊಳ್ಳೋರ್ಯಾರು? ಹಾಗೇನಾದ್ರೂ ಆದ್ರೆ ರೂಮು ಬಿಡ್ಬೇಕಾಗುತ್ತೆ," ಎಂದು ಮನೆ ಓನರು ಮೊದಲೇ ಹೇಳಿದ್ದರು. ಹಾಗಾಗಿ ತಾತ ಕ್ಲಿನಿಕ್ಕಿನಿಂದ ಬಂದವರೇ ಓನರ ಕಿವಿಗೆ ಬೀಳುವಂತೆ ನನ್ನನ್ನು ಕೂಗುತ್ತಿದ್ದರು: "ನಾರ್ಮಲ್ ಕಣಮ್ಮಾ, ನಾರ್ಮಲ್!"

ಆಗ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ನೂರಕ್ಕೆ ವಯಸ್ಸು ಕೂಡಿಸಿ, ಬಿ.ಪಿ. ಅಷ್ಟರವರೆಗೆ ಇರಬಹುದು.

ಒಮ್ಮೆ ಮಗಳ ಕೆಮ್ಮಿಗೆಂದು ನಾನೂ ಕ್ಲಿನಿಕ್ಕಿನಲ್ಲಿದ್ದೆ. ಡಾಕ್ಟರು ಪಾದರಸ ನೋಡಿ, "ನೂರಾ ಎಪ್ಪತ್ತು. ನಿಮಗೆ ಅರವತ್ತಾರು. ನಾಲ್ಕು ಜಾಸ್ತಿ ತಾತ, ಮಾತ್ರೆ ಶುರು ಮಾಡೋಣ," ಎಂದರು.

"ಅದು ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಅಂದಾಜಲ್ಲಿ ಬರ್ದಿದ್ದು ಸಾರ್. ನಿಜವಾಗಿ ಎಪ್ಪತ್ತು. ಈಗ ಸರಿಹೋಯ್ತಲ್ಲ?"

"ಮುಂದಿನ ಸಲ ಏರಿದ್ರೆ ಇನ್ನೆಷ್ಟು ವರ್ಷ ಕೂಡಿಸ್ತೀರಿ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ತಾತ ನಗಲಿಲ್ಲ. ಮಾತ್ರೆ ಎಂದರೆ ಕಾಯಿಲೆ, ಕಾಯಿಲೆ ಎಂದರೆ ರೂಮು ಹೋದಂತೆ. "ಸರಿ, ಉಪ್ಪು ಕಮ್ಮಿ ಮಾಡಿ," ಎಂದು ಡಾಕ್ಟರು ಬಿಟ್ಟರು. ಪಟ್ಟಿ ಬಿಚ್ಚಿದ ಮೇಲೂ ತಾತ ತೋಳನ್ನು ಸ್ವಲ್ಪ ಹೊತ್ತು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದರು, ಇನ್ನೂ ಯಾರೋ ಹಿಡಿದಿರುವಂತೆ.

ಅದೇ ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ನಲ್ಲಿಯ ಬಳಿ ಅವರ ಬಕೆಟ್ಟು ಕಾಣಲಿಲ್ಲ. ಬಾಗಿಲು ತಳ್ಳಿದೆ. ನೆಲದ ಮೇಲೆ ಬಿದ್ದಿದ್ದರು. ಮಾತು ನಿಂತುಹೋಗಿತ್ತು. ಅಂಗಿಯ ಎಡತೋಳು ಮಡಚಿಯೇ ಇತ್ತು. ಓನರೇ ಓಡಿಹೋಗಿ ಆಟೋ ತಂದರು. ಆಸ್ಪತ್ರೆಯಲ್ಲಿ, ಬಿ.ಪಿ. ಏರಿ ಮೆದುಳಿನಲ್ಲಿ ರಕ್ತ ಸೋರಿದೆ ಎಂದರು. ಸಂಜೆಯೊಳಗೆ ತಾತ ಹೋಗಿಬಿಟ್ಟರು.

ಈಗ ನನಗೂ ಹೆಚ್ಚುಕಡಿಮೆ ಅದೇ ವಯಸ್ಸು. ವಯಸ್ಸಾಯಿತೆಂದು ಬಿ.ಪಿ.ಗೆ ರಿಯಾಯಿತಿ ಇಲ್ಲ, ಗಟ್ಟಿಮುಟ್ಟಾಗಿರುವ ಹಿರಿಯರಿಗೂ ಅದು ನೂರಾ ಮೂವತ್ತು ಬೈ ಎಂಬತ್ತರ ಒಳಗಿದ್ದರೆ ಒಳ್ಳೆಯದು ಎನ್ನುತ್ತಾರೆ ನನ್ನ ಡಾಕ್ಟರು. ನಾನು ಮಾತ್ರೆ ತಪ್ಪಿಸುವುದಿಲ್ಲ. ನುಂಗುವಾಗ ಆ ಮಡಚಿದ ಅಂಗಿತೋಳು ಕಣ್ಣಿಗೆ ಬರುತ್ತದೆ.

ಆ ಸಂಜೆ ಆಸ್ಪತ್ರೆಯ ಗುಮಾಸ್ತರು ಕೇಳಿದ್ದರು, "ವಯಸ್ಸೆಷ್ಟಮ್ಮ?"

ನಾನು ಓನರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ತಾತ ಹುಟ್ಟಿದ್ದು ಯಾವಾಗೆಂದು ಬಲ್ಲವರು ಯಾರೂ ಉಳಿದಿರಲಿಲ್ಲ.

"ಎಪ್ಪತ್ತು," ಎಂದೆ.